ಎಂಬ್ರೇರ್ ಜೆಟ್‌ಗಳು: ದಿನವೂ ದುಡಿಯುವ ಬಿಸಿನೆಸ್ ವಿಮಾನಗಳು

ಬಿಸಿನೆಸ್ ಜೆಟ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಗಲ್ಫ್‌ಸ್ಟ್ರೀಮ್, ಸೆಸ್ನಾ, ಫಾಲ್ಕನ್ ಮುಂತಾದ ಅಮೆರಿಕ ಮತ್ತು ಫ್ರಾನ್ಸ್ ದೇಶಗಳ ಹೆಸರುಗಳು. ಬ್ರೆಜಿಲ್‌ನ ಎಂಬ್ರೇರ್ ಈ ಪಂಕ್ತಿಗೆ ತಡವಾಗಿ ಬಂದು ಕುಳಿತ ಕಂಪನಿ. ವಿಮಾನ ನಿರ್ವಹಣೆಯ ಕೆಲಸದಲ್ಲಿ ಹಲವು ವರ್ಷ ಕಳೆದು, ಬೇರೆ ಬೇರೆ ತಯಾರಕರ ಜೆಟ್‌ಗಳ ಹೊಟ್ಟೆಯಡಿ ಟಾರ್ಚ್ ಹಿಡಿದು ತಪಾಸಣೆ ನಡೆಸಿದ ಮೇಲೆ, ನಿತ್ಯದ ದುಡಿಮೆಗೆ ಯಾವ ವಿಮಾನ ಒಳ್ಳೆಯದು ಎಂದು ಕೇಳುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ.

ಕಾರಣ ಕಂಪನಿಯ ಹುಟ್ಟಿನಲ್ಲಿಯೇ ಇದೆ. 1969ರ ಆಗಸ್ಟ್‌ನಲ್ಲಿ ಬ್ರೆಜಿಲ್ ಸರ್ಕಾರ ಸಾವೊ ಜೋಸೆ ಡೋಸ್ ಕಾಂಪೋಸ್ ನಗರದಲ್ಲಿ ಎಂಬ್ರೇರ್ ಅನ್ನು ಸ್ಥಾಪಿಸಿದಾಗ ಅದರ ಕೈಯಲ್ಲಿದ್ದ ಮುಖ್ಯ ಕೆಲಸ, ಹಿಂದಿನ ವರ್ಷವಷ್ಟೇ ಮೊದಲ ಬಾರಿ ಹಾರಿದ್ದ ಬ್ಯಾಂಡೈರಾಂಟೆ ಎಂಬ ಅವಳಿ ಎಂಜಿನ್‌ಗಳ ಸಣ್ಣ ಪ್ರಯಾಣಿಕ ವಿಮಾನವನ್ನು ತಯಾರಿಸಿ ಮಾರುವುದಾಗಿತ್ತು. ಅಲ್ಲಿಂದ ಮುಂದೆ, 1994ರಲ್ಲಿ ಖಾಸಗಿಯವರ ಕೈಸೇರಿದ ಮೇಲೂ, ಐವತ್ತು ಆಸನಗಳ ಇಆರ್‌ಜೆ-145ರಂತಹ ಪ್ರಾದೇಶಿಕ ಜೆಟ್‌ಗಳೇ ಅದರ ಅನ್ನದ ದಾರಿಯಾದವು. ದಿನಕ್ಕೆ ಆರೆಂಟು ಬಾರಿ ಏರಿ ಇಳಿಯುವ, ಅರ್ಧ ಗಂಟೆಯೊಳಗೆ ಪ್ರಯಾಣಿಕರನ್ನು ಇಳಿಸಿ, ಹತ್ತಿಸಿಕೊಂಡು ಮತ್ತೆ ಹೊರಡಬೇಕಾದ ವಿಮಾನಗಳನ್ನು ಕಟ್ಟಿ ಪಳಗಿದ ಕೈ ಅದು. ರೂಟ್ ಬಸ್ಸು ಕಟ್ಟಿದ ಗ್ಯಾರೇಜಿನವರೇ ಕಾರನ್ನೂ ಕಟ್ಟಿದರೆ ಹೇಗಿರಬಹುದೋ ಹಾಗಿದೆ ಎಂಬ್ರೇರ್ ಬಿಸಿನೆಸ್ ಜೆಟ್‌ಗಳ ಗುಣ.

ಮೊದಲು ಬಂದ ಲೆಗಸಿ ಎಂಬ ಮಾದರಿಯಂತೂ ಇಆರ್‌ಜೆ-135ರ ಒಡಲಿಗೇ ಹೆಚ್ಚಿನ ಇಂಧನ ತುಂಬುವ ವ್ಯವಸ್ಥೆ ಮಾಡಿ, ಒಳಗೆ ಸೋಫಾ ಮತ್ತು ಊಟದ ಮೇಜು ಇರಿಸಿದ ವಿಮಾನ. ಭಾರತೀಯ ವಾಯುಪಡೆ ಗಣ್ಯರ ಪ್ರಯಾಣಕ್ಕೆಂದು ಇದನ್ನು ಕೊಂಡು ದೆಹಲಿಯ ಪಾಲಂನಲ್ಲಿ ಇರಿಸಿಕೊಂಡಿದೆ. ಇದೇ ಕುಲದ ಇನ್ನೊಂದು ವಿಮಾನಕ್ಕೂ ನಮ್ಮ ಬೆಂಗಳೂರಿಗೂ ನೇರ ನಂಟಿದೆ. ಬೆನ್ನಿನ ಮೇಲೆ ಉದ್ದನೆಯ ರೇಡಾರ್ ಹೊತ್ತ ‘ನೇತ್ರ’ ಮುನ್ನೆಚ್ಚರಿಕೆ ವಿಮಾನವನ್ನು ಡಿಆರ್‌ಡಿಒದ ಬೆಂಗಳೂರು ಪ್ರಯೋಗಾಲಯವಾದ ಸಿಎಬಿಎಸ್ ಎಂಬ್ರೇರ್-145ರ ಮೇಲೆಯೇ ರೂಪಿಸಿತು ಮತ್ತು 2017ರ ಏರೋ ಇಂಡಿಯಾ ಪ್ರದರ್ಶನದ ವೇಳೆ ಯಲಹಂಕದಲ್ಲಿ ಅದನ್ನು ವಾಯುಪಡೆಗೆ ಹಸ್ತಾಂತರಿಸಿತು. ಕಂಪನಿಯ ಬಗ್ಗೆ ಬರೆಯುವಾಗ ಇನ್ನೊಂದು ಸಂಗತಿಯನ್ನು ಮುಚ್ಚಿಡಲಾಗದು: ಭಾರತಕ್ಕೆ ‘ನೇತ್ರ’ದ ಮೂಲ ವಿಮಾನಗಳನ್ನು ಮಾರಿದ ವ್ಯವಹಾರವೂ ಸೇರಿದಂತೆ ಹಲವು ದೇಶಗಳಲ್ಲಿನ ಅಕ್ರಮ ಪಾವತಿಗಳ ಪ್ರಕರಣವನ್ನು ಇತ್ಯರ್ಥಪಡಿಸಲು ಎಂಬ್ರೇರ್ 2016ರಲ್ಲಿ 20 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆರಲು ಒಪ್ಪಿಕೊಂಡಿತು. ವಿಮಾನ ಚೆನ್ನಾಗಿದೆ ಎಂಬ ಕಾರಣಕ್ಕೆ ಮಾರಾಟದ ದಾರಿಯನ್ನು ಮನ್ನಿಸಬೇಕಾಗಿಲ್ಲ.

ಈಗ ಕಂಪನಿಯ ನಿಜವಾದ ಯಶಸ್ಸಾದ ಫೀನಾಮ್ 300ರ ವಿಷಯ. 2008ರಲ್ಲಿ ಮೊದಲು ಹಾರಿ, 2009ರ ಕೊನೆಗೆ ಪ್ರಮಾಣಪತ್ರ ಪಡೆದ ಈ ಹಗುರ ಜೆಟ್ ತನ್ನ ವರ್ಗದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತ ಬಂದಿದೆ. ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಒಂದು ಬೆಳಿಗ್ಗೆ ಬಾಡಿಗೆ ಹಾರಾಟದ ಫೀನಾಮ್ ಒಂದನ್ನು ಹೊರಡಿಸಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಇಂಧನ ತುಂಬುವ ಹುಡುಗ ರೆಕ್ಕೆಯ ಮೇಲೆ ಹತ್ತಲಿಲ್ಲ. ಏಕೆಂದರೆ ಪೈಪನ್ನು ಒಂದೇ ಕಡೆ ಕೆಳಗಿನಿಂದ ಜೋಡಿಸಿದರೆ ಎರಡೂ ರೆಕ್ಕೆಗಳ ಟ್ಯಾಂಕುಗಳು ತುಂಬುತ್ತವೆ. ಶೌಚಾಲಯದ ಸ್ವಚ್ಛತೆಯೂ ಹೊರಗಿನಿಂದಲೇ ಆಗುವುದರಿಂದ ಯಾರೂ ಬಕೆಟ್ ಹಿಡಿದು ಪ್ರಯಾಣಿಕರ ನಡುವೆ ಓಡಾಡಬೇಕಾಗಿಲ್ಲ. ಮೆಟ್ಟಿಲಿರುವ ಬಾಗಿಲು ಅಗಲವಾಗಿದ್ದು, ಅಂದು ಬಂದಿದ್ದ ಹಿರಿಯರೊಬ್ಬರು ಯಾರ ಕೈಯೂ ಹಿಡಿಯದೆ ನಿಧಾನವಾಗಿ ಹತ್ತಿ ಹೋದರು. ಇವು ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚಾಗುವ ವಿಷಯಗಳಲ್ಲ. ಆದರೆ ಒಂದೇ ದಿನ ನಾಲ್ಕು ಊರು ಸುತ್ತಬೇಕಾದ ವಿಮಾನಕ್ಕೆ ಪ್ರತಿ ನಿಲುಗಡೆಯಲ್ಲೂ ಉಳಿಯುವ ಹತ್ತು ನಿಮಿಷದ ಬೆಲೆ ಏನೆಂಬುದು ನಿಲ್ದಾಣದ ಬಿಸಿಲಿನಲ್ಲಿ ಕೆಲಸ ಮಾಡುವವರಿಗೆ ಗೊತ್ತು.

ಈಗಿನ 300ಇ ಮಾದರಿಯಲ್ಲಿ ಪ್ರಾಟ್ ಆಂಡ್ ವಿಟ್ನಿ ಕೆನಡಾದ ಎರಡು ಎಂಜಿನ್‌ಗಳಿದ್ದು, ಅದು ಗಂಟೆಗೆ ಗರಿಷ್ಠ 859 ಕಿ.ಮೀ. ವೇಗದಲ್ಲಿ, 45,000 ಅಡಿ ಎತ್ತರದವರೆಗೆ ಹಾರಬಲ್ಲದು. ಒಳಗೆ ಒಟ್ಟು ಐವರಿದ್ದಾಗ ಅದರ ವ್ಯಾಪ್ತಿ ಸುಮಾರು 3,720 ಕಿ.ಮೀ. ಎಂದು ಕಂಪನಿ ಹೇಳುತ್ತದೆ. ಅಂದರೆ ಬೆಂಗಳೂರಿನಿಂದ ದೆಹಲಿಗಾಗಲಿ ದುಬೈಗಾಗಲಿ ನಡುವೆ ಎಲ್ಲಿಯೂ ಇಳಿಯದೆ ತಲುಪಬಹುದು. ಸಮುದ್ರಮಟ್ಟದಲ್ಲಿ, ಹಿತವಾದ ಹವೆಯಲ್ಲಿ, ಪೂರ್ತಿ ಭಾರ ಹೊತ್ತು ಮೇಲೇರಲು ಅದಕ್ಕೆ ಬೇಕಾಗುವುದು ಸುಮಾರು 980 ಮೀಟರ್ ರನ್‌ವೇ ಮಾತ್ರ. ಬೆಂಗಳೂರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೇಲಿದೆ, ಕಲಬುರಗಿಯ ಮೇ ತಿಂಗಳ ಬಿಸಿಲು ಎಂಥದೆಂದು ಎಲ್ಲರಿಗೂ ಗೊತ್ತು. ಗಾಳಿ ತೆಳುವಾದಂತೆ ಈ ಅಂಕಿ ಬೆಳೆಯುತ್ತದೆ. ಹಾಗಿದ್ದರೂ ಮೈಸೂರಿನ ಗಿಡ್ಡ ರನ್‌ವೇಯಂತಹ ಕಡೆಗಳಿಗೂ ಹೋಗಿಬರಬಲ್ಲ ಜೆಟ್ ಇದು ಎಂಬುದೇ ಅದರ ದೊಡ್ಡ ಬಲ.

ಕೊರತೆಗಳಿಲ್ಲವೆಂದಲ್ಲ. ಕ್ಯಾಬಿನ್ನಿನ ಎತ್ತರ ಒಂದೂವರೆ ಮೀಟರ್ ಮಾತ್ರ. ಸಾಮಾನ್ಯ ಎತ್ತರದವರೂ ತಲೆ ಬಗ್ಗಿಸಿಯೇ ನಡೆಯಬೇಕು. ಮೂರು ಗಂಟೆಯ ಪ್ರಯಾಣಕ್ಕೆ ಇದು ತೊಂದರೆಯಲ್ಲ, ಆದರೆ ವಯಸ್ಸಾದವರಿಗೆ ಶೌಚಾಲಯದವರೆಗೆ ಬಾಗಿ ಹೋಗುವುದು ಕಷ್ಟವೇ ಸರಿ. ಸರಕು ತುಂಬಲು ದೊಡ್ಡ ಬಾಗಿಲು, ಸಪಾಟಾದ ನೆಲ ಮತ್ತು ಮಣ್ಣಿನ ರನ್‌ವೇಯಲ್ಲೂ ಇಳಿಯುವ ಸಾಮರ್ಥ್ಯ ಬೇಕೆನ್ನುವವರಿಗೆ ಸ್ವಿಟ್ಜರ್‌ಲೆಂಡಿನ ಪಿಲಾಟಸ್ ಪಿಸಿ-24 ಹೆಚ್ಚು ಒಪ್ಪುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಫೀನಾಮ್‌ನಲ್ಲಿ ಎಂಜಿನ್‌ನ ನೂಕುಬಲವನ್ನು ಮುಂದಕ್ಕೆ ತಿರುಗಿಸಿ ವಿಮಾನವನ್ನು ನಿಧಾನಗೊಳಿಸುವ ಥ್ರಸ್ಟ್ ರಿವರ್ಸರ್ ಇಲ್ಲ. ನಿಲ್ಲಿಸುವ ಹೊಣೆ ಬಹುತೇಕ ಬ್ರೇಕ್ ಮತ್ತು ರೆಕ್ಕೆಯ ಮೇಲೆ ಎದ್ದು ಗಾಳಿಗೆ ತಡೆಯೊಡ್ಡುವ ಸ್ಪಾಯ್ಲರ್‌ಗಳ ಮೇಲೆಯೇ ಬೀಳುತ್ತದೆ. ಜುಲೈ ತಿಂಗಳ ಮಳೆಯಲ್ಲಿ ಮಂಗಳೂರಿನ ಟೇಬಲ್‌ಟಾಪ್ (ಗುಡ್ಡದ ನೆತ್ತಿಯ ಮೇಲಿನ) ರನ್‌ವೇಯಲ್ಲಿ ಇಳಿಯುವ ಪೈಲಟ್ ಹೊರಡುವ ಮೊದಲೇ ಒದ್ದೆ ನೆಲದ ಲೆಕ್ಕವನ್ನು ಎರಡು ಬಾರಿ ನೋಡಿಕೊಳ್ಳಬೇಕು. ವೇಗ ಅಥವಾ ಎತ್ತರ ಹೆಚ್ಚಾಗಿ ವಿಮಾನ ರನ್‌ವೇ ದಾಟಿ ಹೋಗುವ ಅಪಾಯವಿದ್ದರೆ ಮುಂಚಿತವಾಗಿ ಎಚ್ಚರಿಸುವ ವ್ಯವಸ್ಥೆಯನ್ನು ಎಂಬ್ರೇರ್ 2020ರ ಸುಧಾರಣೆಯಲ್ಲಿ ಸೇರಿಸಿದ್ದು ಬಹಳ ಒಳ್ಳೆಯ ಕೆಲಸ. ಹೊಸ ಸೀಟುಗಳ ಚರ್ಮಕ್ಕಿಂತ ನನಗೆ ಇದು ಸಾವಿರ ಪಾಲು ಮೇಲು.

ಮೇಲಿನ ವರ್ಗದಲ್ಲಿರುವ ಪ್ರೇಟರ್ 500 ಮತ್ತು ಪ್ರೇಟರ್ 600, ಹಿಂದಿನ ಲೆಗಸಿ 450 ಮತ್ತು 500ರ ಮುಂದುವರಿದ ರೂಪಗಳು. 2018ರಲ್ಲಿ ಪ್ರಕಟವಾಗಿ ಮರುವರ್ಷ ಪ್ರಮಾಣಪತ್ರ ಪಡೆದವು. ಇಲ್ಲಿ ಆರಡಿ ಎತ್ತರದವರೂ ನೆಟ್ಟಗೆ ನಿಲ್ಲಬಹುದು. ಪೈಲಟ್‌ನ ಕೈಚಲನೆಯನ್ನು ತಂತಿ ಮತ್ತು ರಾಟೆಗಳ ಬದಲು ಕಂಪ್ಯೂಟರ್ ಮೂಲಕ ರೆಕ್ಕೆಗೆ ತಲುಪಿಸುವ ಫ್ಲೈ-ಬೈ-ವೈರ್ ಈ ಗಾತ್ರದ ಜೆಟ್‌ಗಳಲ್ಲಿ ಅಪರೂಪ, ಮತ್ತು ಅದರಿಂದ ಪ್ರಯಾಣಿಕರಿಗೂ ನೇರ ಪ್ರಯೋಜನವಿದೆ: ಗಾಳಿಯ ಹೊಡೆತವನ್ನು ಅರಿತು ವಿಮಾನ ತಾನೇ ಸರಿಪಡಿಸಿಕೊಳ್ಳುವುದರಿಂದ ಕುಲುಕಾಟ ಕಡಿಮೆಯಾಗುತ್ತದೆ. ಮುಂಗಾರಿನ ಮೋಡಗಳ ನಡುವೆ ಹಾರಿದವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಪ್ರೇಟರ್ 600ರ ವ್ಯಾಪ್ತಿ ನಾಲ್ವರು ಪ್ರಯಾಣಿಕರೊಂದಿಗೆ ಸುಮಾರು 7,440 ಕಿ.ಮೀ. ಬೆಂಗಳೂರಿನಿಂದ ಲಂಡನ್ ಅದಕ್ಕಿಂತ ದೂರವಿರುವುದರಿಂದ ದಾರಿಯಲ್ಲಿ ಒಮ್ಮೆ ಇಳಿಯಲೇಬೇಕು. ವರ್ಷಕ್ಕೆ ಹಲವು ಬಾರಿ ಯುರೋಪಿಗೆ ನೇರ ಹೋಗಬೇಕಾದ ಸಂಸ್ಥೆ ಇದನ್ನು ಕೊಂಡರೆ ನಿರಾಶೆಯಾಗುವುದು ಖಂಡಿತ. ಗಲ್ಫ್ ದೇಶಗಳು, ಸಿಂಗಾಪುರ ಮತ್ತು ದೇಶದೊಳಗಿನ ಹಾರಾಟಗಳೇ ಹೆಚ್ಚಾಗಿದ್ದರೆ ಇದು ಬೇಕಾದ್ದಕ್ಕಿಂತ ದೊಡ್ಡದಾಗುತ್ತದೆ, ಅಲ್ಲಿಗೆ ಫೀನಾಮ್ 300 ಸಾಕು.

ಹೊಸ 300ಇ ಬೆಲೆ ಒಂದು ಕೋಟಿ ಡಾಲರ್ ದಾಟುವುದರಿಂದ ಹಳೆಯ ಫೀನಾಮ್ ಹುಡುಕುವವರೂ ಇದ್ದಾರೆ. ಅಂಥವರು ಮೊದಲು ಕಾಕ್‌ಪಿಟ್ ನೋಡಲಿ: ಆರಂಭದ ವಿಮಾನಗಳಲ್ಲಿರುವುದು ಗಾರ್ಮಿನ್ ಕಂಪನಿಯ ಜಿ1000 ಆಧಾರಿತ ಹಾರಾಟದ ಪರದೆಗಳ ವ್ಯವಸ್ಥೆ, 300ಇಯಲ್ಲಿರುವುದು ಸ್ಪರ್ಶಪರದೆಯ ಗಾರ್ಮಿನ್ ಜಿ3000. ಎರಡೂ ಒಳ್ಳೆಯವೇ, ಆದರೆ ಪೈಲಟ್‌ಗಳ ತರಬೇತಿ ಬೇರೆ ಬೇರೆ. ಆಮೇಲೆ ಎಂಜಿನ್‌ಗಳ ನಿರ್ವಹಣಾ ಒಪ್ಪಂದದ ಕಾಗದಗಳನ್ನು ತರಿಸಿ, ಬಣ್ಣ ಮತ್ತು ಸೀಟುಗಳನ್ನು ನೋಡುವ ಮೊದಲೇ ಅವನ್ನು ಪುಟಪುಟವಾಗಿ ಓದಿಸಿ. ಹಳೆಯ ಜೆಟ್‌ನಲ್ಲಿ ಬೆಲೆಬಾಳುವುದು ರೆಕ್ಕೆಯಲ್ಲ, ಬಾಲದ ಬಳಿ ತೂಗುತ್ತಿರುವ ಆ ಎರಡು ಎಂಜಿನ್‌ಗಳು.