ಹಾರ್ಟ್ ಅಟ್ಯಾಕ್ ಆದ ಮೇಲಿನ ಒಂದು ವರ್ಷ: ಹಾಸನದಲ್ಲಿ ಫಾಲೋಅಪ್ ಸೇವೆ ಹೇಗಿದೆ?

ಎದೆನೋವು ಬಂದ ಮೊದಲ ಗಂಟೆಗಳಲ್ಲಿ ಸಿಗುವ ಚಿಕಿತ್ಸೆಯ ಮಟ್ಟಿಗೆ ಹಾಸನ ಜಿಲ್ಲೆ ಹಿಂದಿಗಿಂತ ಎಷ್ಟೋ ವಾಸಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡಾಸ್ಪತ್ರೆಯ ಹೃದ್ರೋಗ ತಜ್ಞರಿಗೆ ಕಳಿಸಿ, ಬೇಕಾದವರಿಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಆಗಿದೆ. ತೊಂದರೆ ಶುರುವಾಗುವುದು ಡಿಸ್ಚಾರ್ಜ್ ಆದ ಮೇಲೆ. ಮಾತ್ರೆ, ರಕ್ತಪರೀಕ್ಷೆ, ವ್ಯಾಯಾಮ, ಊಟ, ಧೈರ್ಯ, ಎಲ್ಲವನ್ನೂ ಒಂದೇ ಸೂರಿನಡಿ ನೋಡಿಕೊಳ್ಳುವ ಜಾಗ ಸಿಗುವುದು ಅಪರೂಪ. ತುಂಡು ತುಂಡಾಗಿ ಸಿಗುವುದನ್ನು ಮನೆಯವರೇ ಜೋಡಿಸಿಕೊಳ್ಳಬೇಕು. ಅದರಲ್ಲಿ ಯಾವುದು ಗಟ್ಟಿ, ಯಾವುದು ಟೊಳ್ಳು ಅನ್ನುವುದಷ್ಟೇ ಈ ವಿಮರ್ಶೆ.

ಮೊದಲು ಇಂಜೆಕ್ಷನ್ ವಿಷಯ. ಟೆನೆಕ್ಟೆಪ್ಲೇಸ್ ಕೊಟ್ಟ ಮೇಲೆ ಎಷ್ಟೋ ಸಲ ನೋವು ನಿಂತುಬಿಡುತ್ತದೆ. ‘ಸಣ್ಣ ಅಟ್ಯಾಕ್, ಕರಗಿಸಿದ್ದಾರೆ’ ಎಂದು ಅರಕಲಗೂಡಿನಿಂದಲೋ ಆಲೂರಿನಿಂದಲೋ ನೇರ ಮನೆಗೆ ಹೊರಡುವವರಿದ್ದಾರೆ. ಕರಗಿರುವುದು ಹೆಪ್ಪುಗಟ್ಟಿದ ರಕ್ತ ಮಾತ್ರ, ಅದರ ಕೆಳಗಿನ ಬ್ಲಾಕ್ ಹಾಗೇ ಇರುತ್ತದೆ. ಇಂಜೆಕ್ಷನ್ ಆದವರಿಗೆ ಸಾಮಾನ್ಯವಾಗಿ 24 ಗಂಟೆಯೊಳಗೆ ಆಂಜಿಯೋಗ್ರಾಂ (ಹೃದಯದ ರಕ್ತನಾಳದ ಬ್ಲಾಕ್ ತೋರಿಸುವ ಪರೀಕ್ಷೆ) ಆಗಬೇಕು. ಅದಾಗದೆ ಮಾಡುವ ಫಾಲೋಅಪ್ ಅರ್ಧಂಬರ್ಧ.

ಡಿಸ್ಚಾರ್ಜ್ ಸಮ್ಮರಿಯನ್ನು ಆಸ್ಪತ್ರೆ ಬಿಡುವ ಮುಂಚೆಯೇ ಓದಿಸಿಕೊಳ್ಳಿ. ಯಾವ ರಕ್ತನಾಳಕ್ಕೆ ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿದರು, ಯಾವ ದಿನ, ಉಳಿದ ನಾಳಗಳಲ್ಲಿ ಎಷ್ಟು ಬ್ಲಾಕ್ ಇದೆ, ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್, ಅಂದರೆ ಹೃದಯ ರಕ್ತ ಪಂಪ್ ಮಾಡುವ ಪ್ರಮಾಣ, ಎಷ್ಟು, ಈ ನಾಲ್ಕು ಅದರಲ್ಲಿ ಇರಲೇಬೇಕು. ಆಂಜಿಯೋ ಸಿ.ಡಿ.ಯನ್ನು ಪೆನ್‌ಡ್ರೈವ್‌ಗೆ ಹಾಕಿಸಿಡಿ, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ. ಆಯುಷ್ಮಾನ್ ಪ್ಯಾಕೇಜಿನಲ್ಲಿ ಡಿಸ್ಚಾರ್ಜ್ ಆದ ಮೇಲಿನ 15 ದಿನಗಳ ಔಷಧಿಯೂ ಸೇರಿದೆ, ಕೇಳಿ ಪಡೆಯಿರಿ. ಎಷ್ಟೋ ಮನೆಗಳಲ್ಲಿ ಆ ಕವರ್ ಖಾಲಿಯಾದ ದಿನವೇ ಚಿಕಿತ್ಸೆಯೂ ಮುಗಿದುಹೋಗುತ್ತದೆ, ಅದೇ ದೊಡ್ಡ ಅಪಾಯ.

ಇನ್ನು ಮೆಡಿಕಲ್ ಶಾಪ್. ಇಡೀ ವರ್ಷ ಅತಿ ಹೆಚ್ಚು ಸಲ ಹೋಗುವ ಜಾಗ ಇದು, ಅತಿ ಹೆಚ್ಚು ಎಡವಟ್ಟಾಗುವುದೂ ಇಲ್ಲೇ. ಸ್ಟೆಂಟ್ ಆದವರ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ಆಸ್ಪಿರಿನ್ 75, ಅದರ ಜೊತೆಗೆ ಕ್ಲೋಪಿಡೋಗ್ರೆಲ್ 75 ದಿನಕ್ಕೊಂದು ಅಥವಾ ಟಿಕಾಗ್ರೆಲೋರ್ 90 ಬೆಳಗ್ಗೆ–ರಾತ್ರಿ (ಇವು ರಕ್ತ ತೆಳು ಮಾಡುವ ಮಾತ್ರೆಗಳು), ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಆದ ಅಟೋರ್ವಾಸ್ಟಾಟಿನ್ 40 ಅಥವಾ 80, ಹೃದಯಕ್ಕೂ ಬಿಪಿಗೂ ಕೊಡುವ ಮೆಟೋಪ್ರೊಲೋಲ್, ರಾಮಿಪ್ರಿಲ್, ಹೊಟ್ಟೆಯ ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್. ಚೀಟಿಯಲ್ಲಿ ‘ಇಕೋಸ್ಪ್ರಿನ್ 75’ ಎಂದಿದ್ದರೆ ಕೌಂಟರಿನವರು ‘ಇಕೋಸ್ಪ್ರಿನ್ ಎವಿ’ ಕೊಟ್ಟುಬಿಡಬಹುದು. ಎವಿ ಎಂದರೆ ಒಳಗೆ ಅಟೋರ್ವಾಸ್ಟಾಟಿನ್ ಕೂಡ ಇದೆ ಎಂದರ್ಥ, ಅದೂ ಸಾಮಾನ್ಯವಾಗಿ 10 ಅಥವಾ 20 ಮಿ.ಗ್ರಾಂ. ಆಗ ‘ಕೊಲೆಸ್ಟ್ರಾಲ್ ಮಾತ್ರೆ ಇದರಲ್ಲೇ ಇದೆಯಲ್ಲ’ ಎಂದು 80ರ ಮಾತ್ರೆಯನ್ನು ಬಿಟ್ಟರೆ ಡೋಸ್ ಕಾಲು ಭಾಗಕ್ಕೋ ಅದಕ್ಕೂ ಕೆಳಕ್ಕೋ ಇಳಿಯಿತು. ‘ಗೋಲ್ಡ್’ ಎಂದು ಬರುವ ಕ್ಯಾಪ್ಸೂಲ್‌ಗಳಲ್ಲಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಸ್ಟಾಟಿನ್ ಮೂರೂ ಸೇರಿರುತ್ತವೆ. ಜೊತೆಗೆ ಹಳೇ ಸ್ಟ್ರಿಪ್ಪನ್ನೂ ನುಂಗಿದರೆ ರಕ್ತ ತೆಳು ಮಾಡುವ ಮಾತ್ರೆ ಎರಡರಷ್ಟಾಗಿ ವಸಡಿನಲ್ಲಿ, ಮಲದಲ್ಲಿ ರಕ್ತ ಕಾಣಿಸಬಹುದು. ಬ್ರ್ಯಾಂಡ್ ಹೆಸರು ನೋಡಿದರೆ ಸಾಲದು. ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ಮತ್ತು ಮಿ.ಗ್ರಾಂ. ಚೀಟಿಗೆ ತಾಳೆಯಾಗಬೇಕು.

ಜನೌಷಧಿ ಕೇಂದ್ರಕ್ಕೆ ನಮ್ಮ ಪೂರ್ತಿ ಅಂಕ, ಎರಡು ಎಚ್ಚರಿಕೆಯ ಸಮೇತ. ಅದೇ ಔಷಧಿ ಬ್ರ್ಯಾಂಡಿನ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುವುದರಿಂದ ತಿಂಗಳ ಖರ್ಚಿಗೆ ಹೆದರಿ ಮಾತ್ರೆ ನಿಲ್ಲಿಸುವ ಪ್ರಮೇಯ ಬರುವುದಿಲ್ಲ. ಮೊದಲ ಎಚ್ಚರಿಕೆ ಸ್ಟಾಕ್ ಬಗ್ಗೆ. ‘ನಾಳೆ ಬರುತ್ತೆ’ ಅನ್ನುವ ಮಾತು ಬಿಪಿ ಮಾತ್ರೆಗೆ ಹೇಗೋ ನಡೆದೀತು, ಸ್ಟೆಂಟಿನ ಮಾತ್ರೆಗೆ ನಡೆಯುವುದಿಲ್ಲ. ಮೊದಲ ತಿಂಗಳುಗಳಲ್ಲಿ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲೋರ್ ತಪ್ಪಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಮತ್ತೆ ಅಟ್ಯಾಕ್ ಆಗಬಹುದು. ಹಾಗಾಗಿ ವಾರಕ್ಕಾಗುವಷ್ಟು ಉಳಿದಿರುವಾಗಲೇ ಮುಂದಿನ ತಿಂಗಳಿನದು ತಂದಿಡಿ. ಎರಡನೆಯದು ಮೆಟೋಪ್ರೊಲೋಲ್. ‘ಎಕ್ಸ್‌ಎಲ್’ ಅಥವಾ ‘ಇಆರ್’ ಎಂದಿರುವುದು ನಿಧಾನಕ್ಕೆ ಕರಗಿ 24 ಗಂಟೆ ಕೆಲಸ ಮಾಡುತ್ತದೆ, ಬರೀ ಮೆಟೋಪ್ರೊಲೋಲ್‌ಗೆ ಅಷ್ಟು ಹೊತ್ತು ಕೆಲಸ ಮಾಡುವ ಶಕ್ತಿಯಿಲ್ಲ. ಎಕ್ಸ್‌ಎಲ್ ಮಾತ್ರೆಯನ್ನು ಪುಡಿ ಮಾಡಿ ಕೊಡಬಾರದು.

ದುಬಾರಿ ಅಂತ ಟಿಕಾಗ್ರೆಲೋರ್ ಬಿಟ್ಟು ಕ್ಲೋಪಿಡೋಗ್ರೆಲ್‌ಗೆ ಬದಲಾಗಬಹುದೇ? ಆಗಬಹುದು, ಆದರೆ ಅದನ್ನು ಡಾಕ್ಟರೇ ಮಾಡಬೇಕು, ಬದಲಿಸುವ ದಿನ ಹೆಚ್ಚಿನ ಡೋಸ್ ಕೊಡಬೇಕಾಗಿ ಬರಬಹುದು. ಟಿಕಾಗ್ರೆಲೋರ್ ಶುರುವಾದ ಮೇಲೆ ಕೆಲವರಿಗೆ ಉಸಿರು ಸಿಕ್ಕಿಕೊಂಡಂತಾಗುತ್ತದೆ, ರಾಮಿಪ್ರಿಲ್‌ನಿಂದ ಒಣಕೆಮ್ಮು ಬರುತ್ತದೆ. ಎರಡಕ್ಕೂ ಬದಲಿ ಔಷಧಿ ಇದೆ. ಹಲ್ಲು ಕೀಳಿಸಲು ಹೋದಾಗ ಯಾರಾದರೂ ‘ರಕ್ತ ತೆಳು ಮಾಡುವ ಮಾತ್ರೆ ಐದು ದಿನ ನಿಲ್ಲಿಸಿ’ ಅಂದರೆ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವ ಅಭ್ಯಾಸಕ್ಕೆ ಇಲ್ಲಿಗೆ ಕೊನೆ, ಪ್ಯಾರಾಸಿಟಮಾಲ್ ಸಾಕು.

ಲ್ಯಾಬ್‌ಗಳ ಬಗ್ಗೆ ಒಂದೇ ತಕರಾರು, ಆದರೆ ದೊಡ್ಡದು. ರಿಪೋರ್ಟಿನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 95 ಬಂದರೆ ಪಕ್ಕದಲ್ಲಿ ‘100ರ ಒಳಗೆ, ನಾರ್ಮಲ್’ ಎಂದು ಅಚ್ಚಾಗಿರುತ್ತದೆ. ಅದು ಅಟ್ಯಾಕ್ ಆಗದವರ ಲೆಕ್ಕ. ಅಟ್ಯಾಕ್ ಆದವರಿಗೆ ಗುರಿ 55ಕ್ಕಿಂತ ಕೆಳಗೆ. ‘ನಾರ್ಮಲ್ ಬಂತು’ ಎಂದು ಸ್ಟಾಟಿನ್ ನಿಲ್ಲಿಸಲು ಇದೇ ಸಾಲು ನೆಪವಾಗುತ್ತದೆ. ಸ್ಟಾಟಿನ್ ಶುರುವಾಗಿ 4ರಿಂದ 8 ವಾರಕ್ಕೆ ಲಿಪಿಡ್ (ಕೊಲೆಸ್ಟ್ರಾಲ್) ಪರೀಕ್ಷೆ ಮಾಡಿಸಿ. ಗುರಿ ಮುಟ್ಟದಿದ್ದರೆ ಎಜೆಟಿಮೈಬ್ 10 ಎಂಬ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ ಸೇರಿಸುತ್ತಾರೆ. ರಾಮಿಪ್ರಿಲ್ ಶುರುವಾಗಿ ಒಂದೆರಡು ವಾರಕ್ಕೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಜೊತೆಗೆ ಪೊಟ್ಯಾಸಿಯಂ ನೋಡಿಸಬೇಕು. ಮೊದಲ ಎಕೋದಲ್ಲಿ ಇಎಫ್ ಕಡಿಮೆ ಇದ್ದವರಿಗೆ 6ರಿಂದ 12 ವಾರದ ನಡುವೆ ಮತ್ತೊಂದು ಎಕೋ ಬೇಕು. ಪೆಟ್ಟು ತಿಂದ ಸ್ನಾಯು ಎಷ್ಟೋ ಸಲ ಚೇತರಿಸಿಕೊಂಡಿರುತ್ತದೆ, ಆಗಿಲ್ಲದಿದ್ದರೆ ಮುಂದಿನ ಚಿಕಿತ್ಸೆಯೇ ಬೇರೆ.

2025ರ ಜೂನ್–ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ರಾಜ್ಯವನ್ನೇ ನಡುಗಿಸಿದ್ದು, ಕಾರಣ ಹುಡುಕಲು ಸಮಿತಿ ರಚನೆಯಾಗಿದ್ದು ಎಲ್ಲರಿಗೂ ನೆನಪಿದೆ. ಆಗ ಏನೂ ತೊಂದರೆ ಇಲ್ಲದವರೂ ಇಸಿಜಿಗೆ ಸಾಲು ನಿಂತರು. ಅಂಥ ಸಾಲಿನಿಂದ ನಿಜವಾಗಿ ಫಾಲೋಅಪ್ ಬೇಕಾದವರಿಗೆ ಅನುಕೂಲವೇನೂ ಆಗುವುದಿಲ್ಲ.

ದೊಡ್ಡಾಸ್ಪತ್ರೆಯ ಓಪಿಡಿ ತಜ್ಞರಿಗಾಗಿ, ಬಿಪಿ ನೋಡಿಸಲು ಅಲ್ಲ. ಬೇಲೂರು, ಸಕಲೇಶಪುರದ ಕಡೆಯಿಂದ ಬಸ್ ಹತ್ತಿ ಬಂದು ಅರ್ಧ ದಿನ ಕಾದು ಎರಡು ನಿಮಿಷದ ಭೇಟಿ ಮಾಡುವ ಬದಲು, ತಿಂಗಳ ಬಿಪಿ–ಶುಗರ್‌ಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳ) ಕ್ಲಿನಿಕ್ ಬಳಸಿ. ಉಚಿತ, ಜನಸಂದಣಿಯೂ ಕಡಿಮೆ. ನಮ್ಮ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಜನ ಕಡೆಗಣಿಸಿರುವ ಒಳ್ಳೆಯ ಸೇವೆ ಇದೇ. ಬಿಪಿ 130/80ರ ಒಳಗಿರಬೇಕು. ತಜ್ಞರ ಭೇಟಿಗೆ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಅತ್ಯಂತ ದುರ್ಬಲವಾದ ತುಂಡು ವ್ಯಾಯಾಮದ್ದು. ‘ಕಾರ್ಡಿಯಾಕ್ ರಿಹ್ಯಾಬ್’ (ಹೃದಯ ಚೇತರಿಕೆಯ ವ್ಯಾಯಾಮ ಕಾರ್ಯಕ್ರಮ) ಎಂಬ ಬೋರ್ಡ್ ಕಂಡರೆ ಮೊದಲು ನೋಡಬೇಕಾದ್ದು ಅವರು ನಿಮ್ಮ ಎಕೋ ರಿಪೋರ್ಟ್ ಕೇಳುತ್ತಾರೆಯೇ ಎಂಬುದನ್ನು. ಆಮೇಲೆ ಆರು ನಿಮಿಷದ ನಡಿಗೆ ಪರೀಕ್ಷೆ, ವ್ಯಾಯಾಮದ ಮೊದಲು ಮತ್ತು ನಂತರ ನಾಡಿ–ಬಿಪಿ ದಾಖಲೆ, ಕೈಗೆಟುಕುವಲ್ಲಿ ಡಿಫಿಬ್ರಿಲೇಟರ್ (ಹೃದಯ ಬಡಿತ ಹಳಿ ತಪ್ಪಿದಾಗ ಶಾಕ್ ಕೊಡುವ ಯಂತ್ರ). ಸರಿಯಾದ ಕಾರ್ಯಕ್ರಮ ವಾರಕ್ಕೆ ಮೂರು ಸಲದಂತೆ ಸುಮಾರು 12 ವಾರ ನಡೆಯುತ್ತದೆ. ಭುಜಕ್ಕೆ ಕರೆಂಟ್ ಕೊಡುವ ಮಿಷನ್ ಹಚ್ಚಿ ಕಳಿಸಿದರೆ ಅದು ರಿಹ್ಯಾಬ್ ಅಲ್ಲ.

ಇಂಥದ್ದು ಸಿಗದವರಿಗೆ ಮನೆಯ ನಡಿಗೆಯೇ ದಾರಿ, ಡಾಕ್ಟರ್ ಒಪ್ಪಿಗೆ ಪಡೆದು. ಮೊದಲ ವಾರ ಸಮತಟ್ಟಿನಲ್ಲಿ 5–10 ನಿಮಿಷ, ದಿನಕ್ಕೆರಡು ಸಲ. ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಒಂದೂವರೆ ತಿಂಗಳಿಗೆ 30 ನಿಮಿಷ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಹದ. ಹಾಸನದಲ್ಲಿ ಮಹಾರಾಜ ಪಾರ್ಕ್ ಇದಕ್ಕೆ ಅನುಕೂಲ. ಚಿಕ್ಕಮಗಳೂರಿನವರು ರತ್ನಗಿರಿ ಬೋರೆಯ ಏರನ್ನು ಮೊದಲ ತಿಂಗಳು ಮರೆತುಬಿಡಿ. ತೋಟದ ಮನೆಯವರಿಗೆ ಇನ್ನೊಂದು ತೊಡಕು: ಹೋಗುವಾಗ ಇಳಿಜಾರು, ಸುಸ್ತಾದ ಮೇಲೆ ಏರು. ಅವರಿಗೆ ಕಾಫಿ ಒಣಗಿಸುವ ಕಣವೇ ಸರಿ. ಮಲೆನಾಡಿನ ಮಳೆಗಾಲದಲ್ಲಿ ಅದೂ ಪಾಚಿ ಕಟ್ಟಿ ಜಾರುತ್ತದೆ, ಆಗ ಜಗಲಿಯಲ್ಲೇ ಗಡಿಯಾರ ನೋಡಿಕೊಂಡು ನಡೆಯಿರಿ. ದೀಪಾವಳಿ ಹೊತ್ತಿಗೆ ಹಾಸನಾಂಬೆಯ ದರ್ಶನಕ್ಕೆ ಗಂಟೆಗಟ್ಟಲೆ ಸಾಲು ನಿಲ್ಲುವುದು ಈ ವರ್ಷ ಬೇಡ, ದೇವಿ ಬೇಸರ ಮಾಡಿಕೊಳ್ಳುವುದಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ: ದಿನಕ್ಕೆ ಉಪ್ಪು ಒಂದು ಟೀ ಚಮಚ, ಅಂದರೆ 5 ಗ್ರಾಂ, ಉಪ್ಪಿನಕಾಯಿ, ಹಪ್ಪಳ, ಒಣಮೀನು ಇದೇ ಲೆಕ್ಕದೊಳಗೆ. ಬೀಡಿ ಸಿಗರೇಟು ಪೂರ್ತಿ ಬಂದ್.

ಮನಸ್ಸಿನ ವಿಷಯವನ್ನು ಯಾವ ಡಿಸ್ಚಾರ್ಜ್ ಚೀಟಿಯೂ ಸರಿಯಾಗಿ ಬರೆಯುವುದಿಲ್ಲ. ರಾತ್ರಿ ನಿದ್ದೆ ಬರದಿರುವುದು, ಎದೆ ಸ್ವಲ್ಪ ಚುಳಕ್ ಅಂದರೂ ಹೆದರಿಕೆ, ಯಾರ ಜೊತೆಯೂ ಮಾತು ಬೇಡ ಅನ್ನಿಸುವುದು ಎರಡು ವಾರ ಮೀರಿದರೆ ಅದಕ್ಕೂ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ನೋವು ಮತ್ತೆ ಬಂದರೆ ಕೂತುಕೊಂಡು ನಾಲಿಗೆ ಕೆಳಗೆ ಎದೆನೋವಿನ ಮಾತ್ರೆ ಸಾರ್ಬಿಟ್ರೇಟ್ 5 ಇಡಬೇಕು. ನಿಂತುಕೊಂಡು ಇಟ್ಟರೆ ಬಿಪಿ ಇಳಿದು ತಲೆ ತಿರುಗಿ ಬೀಳಬಹುದು. ಐದು ನಿಮಿಷಕ್ಕೆ ಕಡಿಮೆಯಾಗದಿದ್ದರೆ 108. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿಸುತ್ತಾ ಕೂರಬೇಡಿ, ಬೈಕಿನಲ್ಲಿ ಕೂರಿಸಿಕೊಂಡೂ ಹೊರಡಬೇಡಿ.

ಕೊನೆಗೆ, ಬ್ಲಾಕ್ ಕರಗಿಸುವ ಜಾಹೀರಾತುಗಳು. ರಕ್ತಕ್ಕೆ ಔಷಧಿ ಹರಿಸುವ ‘ಕೀಲೇಷನ್’ ಡ್ರಿಪ್‌ನಿಂದ ಬ್ಲಾಕ್ ಕರಗುವುದಿಲ್ಲ. ಕಾಲಿಗೆ ಪಟ್ಟಿ ಕಟ್ಟಿ ಒತ್ತುವ ಇಇಸಿಪಿ, ಬೇರೆ ದಾರಿ ಇಲ್ಲದ ಕೆಲವರಿಗೆ ಎದೆನೋವು ಕಡಿಮೆ ಮಾಡಬಹುದು, ಬ್ಲಾಕನ್ನು ತೆಗೆಯುವುದಿಲ್ಲ. ಆ ದುಡ್ಡಿನಲ್ಲಿ ಚಿಕ್ಕ ಭಾಗ ಕೊಟ್ಟರೆ ಒಳ್ಳೆಯ ಬಿಪಿ ಮಿಷನ್ ಬರುತ್ತದೆ. ಮಣಿಕಟ್ಟಿಗೆ ಕಟ್ಟುವುದಲ್ಲ, ತೋಳಿಗೆ ಸುತ್ತುವಂಥದ್ದೇ ತೆಗೆದುಕೊಳ್ಳಿ. ತೋಳು ದಪ್ಪ ಇದ್ದರೆ ದೊಡ್ಡ ಪಟ್ಟಿ ಕೇಳಿ, ಬಿಗಿಯಾದ ಪಟ್ಟಿ ಬಿಪಿಯನ್ನು ಹೆಚ್ಚು ತೋರಿಸುತ್ತದೆ.