ಫೆಚ್‌ಮೇಲ್, ಎಂಬಿಸಿಂಕ್ ಮತ್ತು ಒಂದು ಸರ್ಟಿಫಿಕೇಟ್

ಸರ್ವರ್‌ನಿಂದ ಇಮೇಲ್ ಇಳಿಸಿಕೊಡುವ ಫೆಚ್‌ಮೇಲ್ ಎಂಬ ಪ್ರೋಗ್ರಾಂ ಅನ್ನು ವರ್ಷಗಟ್ಟಲೆ ಬಳಸಿದವನು ನಾನು. ಈಗ ನನ್ನ ಇಮೇಲ್ ಅಂಥದ್ದೇ ಇನ್ನೊಂದು ಪ್ರೋಗ್ರಾಂ ಆದ ಎಂಬಿಸಿಂಕ್ ಮೂಲಕ ಬರುತ್ತದೆ, ಹಿಂದಿರುಗುವ ಮನಸ್ಸಿಲ್ಲ.

6.3ನೇ ಆವೃತ್ತಿಯ ಕಾಲದ ಫೆಚ್‌ಮೇಲ್, ಪರಿಶೀಲಿಸು ಎಂದು ನಾವೇ ಬರೆಯದಿದ್ದರೆ, ಸರ್ವರ್‌ನ ಗುರುತು ಸಾಬೀತುಪಡಿಸುವ ಸರ್ಟಿಫಿಕೇಟ್ ಕೆಟ್ಟಿದ್ದರೂ ಒಂದಿಷ್ಟು ಗೊಣಗಿ ಪತ್ರ ತಂದುಕೊಡುತ್ತಿತ್ತು. 2019ರಲ್ಲಿ ಬಂದ 6.4ರಿಂದ ಪರಿಶೀಲನೆ ತಾನಾಗಿಯೇ ನಡೆಯುತ್ತದೆ. ಅದು ಸರಿಯಾದ ನಿರ್ಧಾರ.

ನನ್ನ ಗೋಳು ಬೇರೆ. ನಮ್ಮ ಇಮೇಲ್ ಸರ್ವರ್‌ನವರು ಸರ್ಟಿಫಿಕೇಟ್ ನವೀಕರಿಸಿದಾಗ, ಅದನ್ನು ಮೂಲ ಸರ್ಟಿಫಿಕೇಟ್‌ಗೆ ಜೋಡಿಸುವ ನಡುವಿನ ಕೊಂಡಿಯನ್ನು, ಅಂದರೆ ಇಂಟರ್‌ಮೀಡಿಯೆಟ್ ಸರ್ಟಿಫಿಕೇಟನ್ನು, ಕಳುಹಿಸಲು ಮರೆತರು. ಬ್ರೌಸರ್‌ನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿತ್ತು, ಏಕೆಂದರೆ ಬ್ರೌಸರ್‌ಗಳು ಆ ಕೊಂಡಿಯನ್ನು ಬೇರೆಡೆಯಿಂದ ಹೊಂದಿಸಿಕೊಳ್ಳುತ್ತವೆ. ಫೆಚ್‌ಮೇಲ್ ಮಾತ್ರ ಸಹಿ ಹಾಕಿದವರು ಯಾರೆಂದು ಗೊತ್ತಿಲ್ಲ ಎಂದು ಹಟ ಹಿಡಿಯಿತು. ಕೊಂಡಿಯನ್ನು ನಾನೇ ಇಳಿಸಿಕೊಂಡು ಸೆಟ್ಟಿಂಗ್ ಕಡತದ ‘ಎಸ್‌ಎಸ್‌ಎಲ್‌ಸರ್ಟ್‌ಫೈಲ್’ ಸಾಲಿನಲ್ಲಿ ಕೊಟ್ಟೆ. ಆದರೂ ಅದೇ ದೋಷ! ಕೈಪಿಡಿಯನ್ನು ಮತ್ತೆ ಓದಿದಾಗ ಗುಟ್ಟು ತಿಳಿಯಿತು: ಆ ಸಾಲು ಬರೆದರೆ ಸಿಸ್ಟಂನ ಮೂಲ (ರೂಟ್) ಸರ್ಟಿಫಿಕೇಟ್ ಕಡತವನ್ನು ಅದು ಓದುವುದೇ ಇಲ್ಲ. ಕೊಂಡಿ ಸಿಕ್ಕಿತು, ಬೇರು ಹೋಯಿತು. ಅದನ್ನೂ ಸೇರಿಸಿಕೊಳ್ಳಬೇಕೆಂದರೆ ಮೊಳದುದ್ದ ಹೆಸರಿನ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಇಡಬೇಕು. ಇಟ್ಟೆ, ಟರ್ಮಿನಲ್‌ನಲ್ಲಿ ಪತ್ರಗಳು ಬಂದವು. ರಾತ್ರಿ, ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್ ಓಡಿದಾಗ ಮತ್ತೆ ದೋಷ. ಟರ್ಮಿನಲ್‌ನಲ್ಲಿ ಇಟ್ಟ ವೇರಿಯಬಲ್ ಕ್ರಾನ್‌ಗೆ ಹೇಗೆ ಗೊತ್ತಾಗಬೇಕು? ಇಷ್ಟು ಪತ್ತೆಹಚ್ಚಲು ಎರಡು ಸಂಜೆ ಹೋದವು.

ಪರಿಶೀಲನೆಯನ್ನೇ ನಿಲ್ಲಿಸಿಬಿಡುವ ಆಸೆ ಬಂದಿತ್ತು. ಪಾಸ್‌ವರ್ಡ್ ಯಾರ ಕೈಗೆ ಹೋಗುತ್ತದೋ ಎಂಬ ಅಳುಕಿನಿಂದ ಕೈಬಿಟ್ಟೆ. ಸರ್ವರ್‌ನ ಕೀಲಿಯ ಬೆರಳಚ್ಚು (ಫಿಂಗರ್‌ಪ್ರಿಂಟ್) ಬರೆದಿಟ್ಟು ಹೋಲಿಸುವ ದಾರಿಯೂ ಇದೆ, ಆದರೆ ಸರ್ವರ್‌ನ ಕೀಲಿ ಬದಲಾದಾಗಲೆಲ್ಲ ಅದನ್ನೂ ಬದಲಿಸುವ ತಾಳ್ಮೆ ನನಗಿಲ್ಲ.

ಎಂಬಿಸಿಂಕ್‌ನಲ್ಲಿ ಅದೇ ಕಡತವನ್ನು ‘ಸರ್ಟಿಫಿಕೇಟ್‌ಫೈಲ್’ ಎಂಬ ಒಂದು ಸಾಲಿನಲ್ಲಿ ಕೊಟ್ಟೆ. ಇಲ್ಲಿ ಆ ಕಡತ ಸಿಸ್ಟಂನ ಪಟ್ಟಿಯ ಜೊತೆಗೆ ಸೇರುತ್ತದೆ, ಅದರ ಜಾಗಕ್ಕೆ ಬರುವುದಿಲ್ಲ. ಕ್ರಾನ್‌ನಲ್ಲೂ ತಕರಾರಿಲ್ಲ.

ಕೊರತೆಯೂ ಇದೆ: ಎಂಬಿಸಿಂಕ್‌ಗೆ ಐಮ್ಯಾಪ್ (ಸರ್ವರ್‌ನಿಂದ ಪತ್ರ ಪಡೆಯುವ ಒಂದು ವಿಧಾನ) ಮಾತ್ರ ಗೊತ್ತು. ಇನ್ನೊಂದು ವಿಧಾನವಾದ ಪಾಪ್3 ಬಳಸುವ ಖಾತೆಯೊಂದನ್ನು ಇನ್ನೂ ಫೆಚ್‌ಮೇಲ್‌ಗೇ ಬಿಟ್ಟಿದ್ದೇನೆ. ಆ ಸರ್ವರ್ ಕೊಂಡಿಯನ್ನು ಸರಿಯಾಗಿ ಕಳುಹಿಸುತ್ತದೆ. ಎರಡೂ ಉಚಿತ, ಹಾಗಾಗಿ ಖರ್ಚಿನ ಮಾತಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಮೇಲ್‌ಡಿರ್ (ಪತ್ರಕ್ಕೊಂದು ಕಡತವಿರುವ ಫೋಲ್ಡರ್) ಇಟ್ಟುಕೊಂಡು, ಒಮ್ಮೆ ಹೊಂದಿಸಿ ಮರೆತುಬಿಡುವ ನನ್ನಂಥವರಿಗೆ ಎಂಬಿಸಿಂಕ್. ಬಂದ ಪತ್ರವನ್ನು ಸ್ಥಳೀಯ ಇಮೇಲ್ ಸರ್ವರ್‌ಗೆ ದಾಟಿಸಬೇಕಾದವರು ಫೆಚ್‌ಮೇಲನ್ನೇ ಇಟ್ಟುಕೊಳ್ಳಲಿ, ಆ ವೇರಿಯಬಲನ್ನು ಕ್ರಾನ್‌ನ ಕೆಲಸಪಟ್ಟಿಯಾದ ಕ್ರಾನ್‌ಟ್ಯಾಬ್‌ನಲ್ಲೇ ಬರೆದಿಡಲಿ.