ಮನೆಯೊಳಗಿನ ಫೋಟೋಗೆ ಯಾವ ಮೋಡ್?

ನೇರವಾಗಿ ಹೇಳಿಬಿಡುತ್ತೇನೆ. ಮನೆಯೊಳಗೆ ಜನರ ಫೋಟೋ ತೆಗೆಯಲು ಮ್ಯಾನುಯಲ್ ಮೋಡ್ (ಸೆಟ್ಟಿಂಗ್ ನಾವೇ ಇಡುವುದು) ಇಟ್ಟು, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮಾತ್ರ ಆಟೋಗೆ ಬಿಡುವುದು ನನಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿತು. ಉಳಿದವು ಕೆಟ್ಟವೇನಲ್ಲ, ಆದರೆ ಎಲ್ಲಿ ಕೈಕೊಡುತ್ತವೆ ಅಂತ ಗೊತ್ತಿರಬೇಕು.

ಈ ಮೋಡ್‌ಗಳನ್ನೆಲ್ಲ ಬದಲಿಸಿ ಬದಲಿಸಿ ನೋಡಿದ್ದು ಅಕ್ಕನ ಮಗುವಿನ ನಾಮಕರಣದಲ್ಲಿ. ಹಾಲ್‌ನಲ್ಲಿ ಎರಡು ಟ್ಯೂಬ್‌ಲೈಟ್, ಒಂದು ಕಡೆ ದೊಡ್ಡ ಕಿಟಕಿ. ಕ್ಯಾಮೆರಾ ಎಪಿಎಸ್-ಸಿ ಅನ್ನುವ ಮಧ್ಯಮ ಗಾತ್ರದ ಸೆನ್ಸರ್‌ನದು, ಲೆನ್ಸ್ 50 ಎಂಎಂ ಎಫ್ 1.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆಯುತ್ತದೆ). ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಬ್ಯಾಗಿನಲ್ಲೇ ಉಳಿಯಿತು. ಅದನ್ನು ಪೂರ್ತಿ ಜೂಮ್ ಮಾಡಿದರೆ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಎಫ್ 1.8 ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಇಷ್ಟು ದೊಡ್ಡ ಅಂತರವನ್ನು ಯಾವ ಮೋಡೂ ತುಂಬಿಕೊಡುವುದಿಲ್ಲ.

ಮೊದಲು ಅಪರ್ಚರ್ ಪ್ರಯಾರಿಟಿ: ಅಪರ್ಚರ್, ಅಂದರೆ ಲೆನ್ಸ್ ಎಷ್ಟು ತೆರೆಯಬೇಕು ಅನ್ನುವುದು ನಮ್ಮದು, ಶಟರ್ ಕ್ಯಾಮೆರಾದ್ದು. ಕ್ಯಾನನ್‌ನಲ್ಲಿ ಎವಿ, ನಿಕಾನ್ ಮತ್ತು ಸೋನಿಯಲ್ಲಿ ಎ. ಹೊರಗೆ ನಾನು ಸದಾ ಇದರಲ್ಲೇ ಇರುತ್ತೇನೆ. ಒಳಗೆ ಬಂದರೆ ಇದು ಶಟರ್ ಸ್ಪೀಡನ್ನು (ಶಟರ್ ತೆರೆದಿರುವ ಹೊತ್ತು) 1/60 ಸೆಕೆಂಡಿನ ಆಸುಪಾಸಿಗೆ ಇಳಿಸಿಬಿಡುತ್ತದೆ. ಸುಮ್ನೆ ಕೂತಿರುವ ಅಜ್ಜಿಗೆ ಅದು ಸಾಕು. ತೊಟ್ಟಿಲು ತೂಗುವ ಕೈಗೆ, ಕಾಲು ಒದೆಯುವ ಮಗುವಿಗೆ ಸಾಲದು. ಮೆನುವಿನಲ್ಲಿ ಕನಿಷ್ಠ ಶಟರ್ ಸ್ಪೀಡ್ ಆಯ್ಕೆ ಇದ್ದರೆ 1/125 ಇಡಿ, ಅರ್ಧ ತಲೆನೋವು ಕಳೆಯುತ್ತದೆ.

ಶಟರ್ ಸ್ಪೀಡ್ ನಾವು ಇಟ್ಟು ಅಪರ್ಚರ್ ಕ್ಯಾಮೆರಾಗೆ ಬಿಡುವ ಶಟರ್ ಪ್ರಯಾರಿಟಿಯದ್ದು ಉಲ್ಟಾ ಸಮಸ್ಯೆ. 1/125 ಹಿಡಿದುಕೊಂಡಿತು, ಆದರೆ ಬೆಳಕು ಕಮ್ಮಿ ಅಂತ ಅಪರ್ಚರನ್ನು ಎಫ್ 1.8ಕ್ಕೆ ಪೂರ್ತಿ ತೆರೆಯಿತು. ಸೋದರತ್ತೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಗಳಿಗೆ ನೋಡಿ. ಎರಡು ಮೀಟರ್ ದೂರದಿಂದ ಎಫ್ 1.8ರಲ್ಲಿ ಫೋಕಸ್‌ಗೆ ಸಿಗುವುದು ಹೆಚ್ಚೂಕಮ್ಮಿ ಒಂದು ಗೇಣಿನ ಅರ್ಧ. ಅತ್ತೆಯ ಮೂಗುತಿ ಚೂಪಾಗಿ ಬಂತು, ಮಗುವಿನ ಮುಖ ಮಸುಕು. ಅಪರ್ಚರ್ ಕೊಂಚ ಮುಚ್ಚಿ ಎಫ್ 2.8 ಇಟ್ಟ ಮೇಲೆ ಇಬ್ಬರೂ ಸಿಕ್ಕರು.

ಪೂರ್ತಿ ಮ್ಯಾನುಯಲ್, ಅಂದರೆ ಐಎಸ್ಒ ಕೂಡ ನಾವೇ ಇಡುವುದು, ಪರದೆ ಎಳೆದಿದ್ದಾಗ ಅದ್ಭುತ. 1/125, ಎಫ್ 2.8, ಐಎಸ್ಒ 3200. ಬೆಳಕು ಬದಲಾಗದಿದ್ದರೆ ಎಲ್ಲ ಫೋಟೋಗೂ ಒಂದೇ ಹೊಳಪು, ಎಡಿಟಿಂಗ್ ಸಲೀಸು. ಆದರೆ ಯಾರೋ ಪರದೆ ಸರಿಸಿದರೆ ಮುಗೀತು, ಕಿಟಕಿ ಪಕ್ಕದವರೆಲ್ಲ ಬೆಳ್ಳಗೆ.

ಅದಕ್ಕೇ ಐಎಸ್ಒ ಆಟೋ. ಶಟರ್, ಅಪರ್ಚರ್ ನನ್ನ ಕೈಯಲ್ಲಿ. ಕಿಟಕಿ ಕಡೆ ತಿರುಗಿದರೆ ಐಎಸ್ಒ ತಾನೇ ಇಳಿಯುತ್ತದೆ, ಮೂಲೆಗೆ ಹೋದರೆ ಏರುತ್ತದೆ. ಒಂದೇ ಎಚ್ಚರಿಕೆ: ಬಿಳಿ ಪಂಚೆ, ಬಿಳಿ ಗೋಡೆ ಫ್ರೇಮ್ ತುಂಬಿದರೆ ಬೆಳಕು ಅಳೆಯುವ ಮೀಟರ್ ಮೋಸ ಹೋಗಿ ಫೋಟೋ ಮಂಕಾಗುತ್ತದೆ. ಎಕ್ಸ್‌ಪೋಶರ್ ಕಾಂಪನ್ಸೇಶನ್ (ಹೊಳಪು ಏರಿಸುವ-ಇಳಿಸುವ ಸೆಟ್ಟಿಂಗ್) ಪ್ಲಸ್ 0.7 ಇಟ್ಟೆ, ಸರಿಹೋಯಿತು. ಕೆಲವು ಹಳೆಯ ಕ್ಯಾಮೆರಾಗಳಲ್ಲಿ ಮ್ಯಾನುಯಲ್ ಮೋಡ್‌ನಲ್ಲಿ ಇದು ಕೆಲಸ ಮಾಡಲ್ಲ. ಅಂಥವರಿಗೆ ಕನಿಷ್ಠ ಶಟರ್ ಇಟ್ಟ ಅಪರ್ಚರ್ ಪ್ರಯಾರಿಟಿಯೇ ಮೇಲು.

ಐಎಸ್ಒ ಜಾಸ್ತಿಯಾದರೆ ನಾಯ್ಸ್ (ಫೋಟೋದಲ್ಲಿ ಕಾಳುಕಾಳು) ಬರುತ್ತೆ ಅಂತ ತುಂಬ ಜನ ಹೆದರುತ್ತಾರೆ. ನಾಯ್ಸ್‌ಗೆ ಮುಖ್ಯ ಕಾರಣ ಬೆಳಕು ಕಮ್ಮಿ ಇರುವುದು. ಐಎಸ್ಒ 800ರಲ್ಲಿ ಕತ್ತಲಾಗಿ ತೆಗೆದು ಕಂಪ್ಯೂಟರ್‌ನಲ್ಲಿ ಬೆಳಗಿಸಿ ನೋಡಿದೆ. 3200ರ ಫೋಟೋಗಿಂತ ಅದೇನೂ ಚೊಕ್ಕಟವಾಗಿರಲಿಲ್ಲ. ಜೆಪೆಗ್‌ನಲ್ಲಂತೂ ಇನ್ನೂ ಕೆಟ್ಟದಾಗಿತ್ತು. ಕೊಂಚ ನಾಯ್ಸ್ ಇದ್ದರೂ ಫೋಟೋ ಫೋಟೋನೇ, ಅಲುಗಾಡಿದ ಮುಖ ಮಾತ್ರ ರಿಪೇರಿ ಆಗಲ್ಲ.

ಬಿಳಿ ಚಾವಣಿಗೆ ತಿರುಗಿಸಿ ಹೊಡೆದ ಫ್ಲ್ಯಾಶ್ ಇದನ್ನೆಲ್ಲ ಸುಲಭ ಮಾಡುತ್ತದೆ, ನಿಜ. ಮರದ ಅಟ್ಟ ಇರುವ ಮನೆಯಲ್ಲಿ ಅದು ನಡೆಯುವುದಿಲ್ಲ. ಮಗು ಬೆಚ್ಚುತ್ತೆ ಅಂತ ನಾನು ಫ್ಲ್ಯಾಶ್ ಹೊರಗೆ ತೆಗೆಯಲೇ ಇಲ್ಲ.

ಇನ್ನೊಂದು. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. ಹಾಗಾಗಿ ಹಲವು ಟ್ಯೂಬ್‌ಲೈಟ್, ಎಲ್ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/250ರಲ್ಲಿ ಗೋಡೆ ಮೇಲೆ ಅಡ್ಡ ಪಟ್ಟೆ ಕಂಡರೆ 1/100ಕ್ಕೆ ಇಳಿಸಿ, ಸಾಮಾನ್ಯವಾಗಿ ಮಾಯವಾಗುತ್ತದೆ. ಅಗ್ಗದ ಅಲಂಕಾರದ ಲೈಟುಗಳಲ್ಲಿ ಕೆಲವಕ್ಕೆ ಈ ಲೆಕ್ಕ ಹಿಡಿಯುವುದಿಲ್ಲ. ಅಲ್ಲಿ ಸ್ವಿಚ್ ಆಫ್ ಮಾಡಿಸುವುದೇ ದಾರಿ.